ಪೆಂಜಾನ್ಸ್: ಆರಿದ ಬೆಂಕಿಯನ್ನು ಮತ್ತೆ ಹೊತ್ತಿಸಿಕೊಂಡ ಊರು

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಲ್ಲಿ ಪಶ್ಚಿಮದ ರೈಲು ಹತ್ತಿದರೆ ಐದು ಗಂಟೆಗೂ ಮಿಕ್ಕಿದ ಪ್ರಯಾಣ. ಕೊನೆಯ ಕೆಲವು ನಿಮಿಷ ಹಳಿ ಕಡಲಂಚನ್ನೇ ಹಿಡಿದು ಸಾಗುತ್ತದೆ. ಎಡಗಡೆಯ ಕಿಟಕಿಯಲ್ಲಿ, ನೀರಿನ ನಡುವೆ ಬಂಡೆಯ ಮೇಲೆ ಎದ್ದು ನಿಂತ ಸೇಂಟ್ ಮೈಕೇಲ್ಸ್ ಮೌಂಟ್ ಕೋಟೆ ಕಾಣಿಸಿತೆಂದರೆ ಊರು ಬಂತೆಂದೇ ಲೆಕ್ಕ. ಹಳಿ ಮುಗಿಯುವುದು ಪೆಂಜಾನ್ಸ್‌ನಲ್ಲಿ. ಬ್ರಿಟನ್ನಿನ ನೈಋತ್ಯ ತುದಿಯ ಕಾರ್ನ್‌ವಾಲ್ ಸೀಮೆಯಲ್ಲಿರುವ, ಸುಮಾರು 20 ಸಾವಿರ ಜನರ ಬಂದರು ಪಟ್ಟಣವಿದು.

ಊರಿನ ಮುಖ್ಯ ಬೀದಿ ಮಾರ್ಕೆಟ್ ಜ್ಯೂ ಸ್ಟ್ರೀಟ್ ನಿಲ್ದಾಣದ ಬಳಿಯಿಂದಲೇ ಏರುತ್ತಾ ಹೋಗಿ ಗುಮ್ಮಟವಿರುವ ಮಾರ್ಕೆಟ್ ಹೌಸ್ ಮುಟ್ಟುತ್ತದೆ. ಅದರ ಎದುರು ಹಂಫ್ರಿ ಡೇವಿಯ ಪ್ರತಿಮೆ. ಗಣಿ ಕಾರ್ಮಿಕರ ಜೀವ ಕಾಯುವ ದೀಪವನ್ನು 1815ರಲ್ಲಿ ರೂಪಿಸಿದ ಈ ವಿಜ್ಞಾನಿ ಹುಟ್ಟಿದ್ದು ಇದೇ ಊರಿನಲ್ಲಿ, 1778ರಲ್ಲಿ. ಅಲ್ಲಿಂದ ಚಾಪೆಲ್ ಸ್ಟ್ರೀಟ್ ಹಿಡಿದು ಇಳಿದರೆ ಹಳೆಯ ಮನೆಗಳು, ಸೇಂಟ್ ಮೇರಿ ಚರ್ಚು, ಕೊನೆಗೆ ದೋಣಿಕಟ್ಟೆ. ಜೂನ್ ಕೊನೆಯ ವಾರದಲ್ಲಿ ಈ ಬೀದಿಗಳ ಚಹರೆಯೇ ಬದಲಾಗುತ್ತದೆ. ದೀಪದ ಕಂಬಗಳಿಗೆಲ್ಲ ಹಸಿರು ಕೊಂಬೆ ಕಟ್ಟುತ್ತಾರೆ, ಅಂಗಡಿಗಳ ಮುಂದೆ ಸೊಪ್ಪುಸದೆಯ ತೋರಣ ಏರುತ್ತದೆ. ನಡುಬೇಸಿಗೆಯ ಗೊಲೊವನ್ ಹಬ್ಬ ಬಂತೆಂದು ಊರಿಗೆ ಊರೇ ಸಜ್ಜಾಗುತ್ತದೆ.

ನಡುಬೇಸಿಗೆಯ ಬೆಂಕಿ

ಉತ್ತರ ಗೋಳಾರ್ಧದಲ್ಲಿ ಹಗಲು ಅತಿ ಉದ್ದವಾಗುವುದು ಜೂನ್ 20–21ರ ಸುಮಾರಿಗೆ. ಪೆಂಜಾನ್ಸ್‌ನಲ್ಲಿ ಆಗ ಹದಿನಾರು ಗಂಟೆಗೂ ಹೆಚ್ಚು ಹೊತ್ತು ಬೆಳಕಿರುತ್ತದೆ. ರಾತ್ರಿ ಒಂಬತ್ತೂವರೆಗೆ ಸೂರ್ಯ ಮುಳುಗುತ್ತಾನೆ. ಕ್ರೈಸ್ತರ ಪಂಚಾಂಗದಲ್ಲಿ ಜೂನ್ 24 ಸ್ನಾನಿಕ ಯೋಹಾನನ ಹಬ್ಬ. ಹಿಂದಿನ ಸಂಜೆ, ಅಂದರೆ 23ರಂದು, ಬೆಂಕಿ ಹಾಕುವುದು ಸೆಲ್ಟಿಕ್ ನಾಡುಗಳಲ್ಲೆಲ್ಲ ಬಲು ಹಿಂದಿನಿಂದ ಬಂದ ರೂಢಿ. ಐರ್ಲೆಂಡಿನ ಪಶ್ಚಿಮದ ಹಳ್ಳಿಗಳಲ್ಲಿ ಅದೇ ಸಂಜೆ ಬೆಂಕಿ ಹಾಕಿ, ಕೆಂಡವನ್ನು ಹೊಲಕ್ಕೆ ಒಯ್ದು ಬೆಳೆಗೆ ಒಳಿತಾಗಲೆಂದು ಬೇಡುತ್ತಿದ್ದರು. ಫ್ರಾನ್ಸಿನ ಬ್ರಿಟನಿಯಲ್ಲಿ ಇದೇ ಬೆಂಕಿಗೆ ತಾಂತಾದ್ ಎನ್ನುತ್ತಾರೆ. ಐಲ್ ಆಫ್ ಮ್ಯಾನ್ ದ್ವೀಪದ ಸಂಸತ್ತು ಹಳೆಯ ಪಂಚಾಂಗದ ನಡುಬೇಸಿಗೆಯಾದ ಜುಲೈ 5ರಂದು ಬಯಲಿನ ದಿಬ್ಬದ ಮೇಲೆ ಸೇರುತ್ತದೆ. ಸದಸ್ಯರು ನಡೆದು ಬರುವ ದಾರಿಗೆ ಇಂದಿಗೂ ಜೊಂಡುಹುಲ್ಲು ಹಾಸುತ್ತಾರೆ.

ಪೆಂಜಾನ್ಸ್‌ಗೆ ಈ ದಿನ ಇನ್ನೂ ಹತ್ತಿರದ್ದು. ಯೋಹಾನನೇ ಊರಿನ ಪಾಲಕ ಸಂತ; ಊರಿನ ಹಳೆಯ ಲಾಂಛನದಲ್ಲಿರುವುದೂ ಅವನ ತಲೆಯೇ. ಪಕ್ಕದ ಲಡ್ಜವನ್ ಹಳ್ಳಿಯ ಪಾದ್ರಿಯಾಗಿದ್ದ ವಿಲಿಯಂ ಬೋರ್ಲೇಸ್ 1754ರಲ್ಲಿ ಪ್ರಕಟಿಸಿದ ಕಾರ್ನ್‌ವಾಲ್‌ನ ಪ್ರಾಚೀನ ಅವಶೇಷಗಳ ಕುರಿತ ಗ್ರಂಥದಲ್ಲಿ, ಜನ ಟಾರು ಮೆತ್ತಿದ ಪಂಜು ಹಿಡಿದು ಬೆಂಕಿಗೆ ಸುತ್ತು ಬರುವುದನ್ನು ದಾಖಲಿಸಿದ್ದಾನೆ. ಹಬ್ಬದ ಕಾರ್ನಿಷ್ ಹೆಸರನ್ನೂ ಬರೆದಿಟ್ಟಿದ್ದಾನೆ. ಆ ಹೊತ್ತಿಗೆ ಕಾರ್ನಿಷ್ ಭಾಷೆ ಆಡುವವರು ಬೆರಳೆಣಿಕೆಯಷ್ಟೇ ಉಳಿದಿದ್ದರು. ಹತ್ತಿರದ ಮೌಸ್‌ಹೋಲ್ ಹಳ್ಳಿಯ ಮೀನುಗಾತಿ ಡಾಲಿ ಪೆಂಟ್ರೀತ್ 1777ರಲ್ಲಿ ತೀರಿಕೊಂಡಳು. ಆ ಭಾಷೆಯನ್ನು ತಾಯ್ನುಡಿಯಾಗಿ ಆಡಿದ ಕೊನೆಯವರಲ್ಲಿ ಅವಳೊಬ್ಬಳೆಂದು ಹೆಸರಾದವಳು.

ಹತ್ತೊಂಬತ್ತನೇ ಶತಮಾನದ ಬರಹಗಾರರು ಆ ರಾತ್ರಿಯನ್ನು ವಿವರವಾಗಿ ಬಣ್ಣಿಸಿದ್ದಾರೆ. ಕತ್ತಲಾಗುತ್ತಿದ್ದಂತೆ ದೋಣಿಕಟ್ಟೆಯಲ್ಲಿ, ಸಂತೆಬೀದಿಗಳಲ್ಲಿ ಸಾಲಾಗಿ ಇಟ್ಟ ಟಾರು ಪೀಪಾಯಿಗಳಿಗೆ ಬೆಂಕಿ ಬೀಳುತ್ತಿತ್ತು. ಕ್ಯಾನ್ವಾಸ್ ಬಟ್ಟೆಯನ್ನು ಟಾರಿನಲ್ಲಿ ಅದ್ದಿ ಉದ್ದ ಕೋಲಿಗೆ ಸುತ್ತಿದ ಪಂಜುಗಳನ್ನು ಹುಡುಗರು ತಲೆಯ ಮೇಲೆ ಗರಗರ ತಿರುಗಿಸುತ್ತಿದ್ದರು. ಹುಡುಗಿಯರ ತಲೆಯಲ್ಲಿ ಹೂವಿನ ದಂಡೆ. ಪಂಜುಗಳು ಉರಿದು ಮುಗಿದ ಮೇಲೆ ಅಸಲು ಮೋಜು ಶುರು. ದೋಣಿಕಟ್ಟೆ ಕೇರಿಯ ಗಂಡಸರು, ಹೆಂಗಸರು, ಮುದುಕರು, ಎಳೆಯರು ಎಲ್ಲ ಕೈಕೈ ಹಿಡಿದು ಉದ್ದ ಸಾಲಾಗಿ ಬೀದಿ, ಓಣಿ, ಸಂದಿ ಒಂದನ್ನೂ ಬಿಡದೆ ಕೂಗುತ್ತಾ ಓಡುತ್ತಿದ್ದರು. ಹಠಾತ್ತನೆ ಸಾಲು ನಿಲ್ಲುತ್ತಿತ್ತು. ಕೊನೆಯಲ್ಲಿದ್ದ ಇಬ್ಬರು ಹಿಡಿದ ಕೈಗಳನ್ನು ಮೇಲೆತ್ತಿ ಕಮಾನು ಮಾಡಿದರೆ, ಅದೇ ಸೂಜಿಯ ಕಣ್ಣು; ಇಡೀ ಸಾಲು ಬಗ್ಗಿ ಅದರೊಳಗೆ ದಾರದಂತೆ ನುಸುಳಿ ಹೊರಬರುತ್ತಿತ್ತು. ಮತ್ತೆ ಓಟ, ಮತ್ತೆ ಕಮಾನು. ಕಾಲು ಸೋತು ಸಾಲು ಕಳಚಿ ಬೀಳುವವರೆಗೂ ಇದೇ ಆಟ.

ಮರುದಿನ ಸುತ್ತಲ ಹಳ್ಳಿಗಳ ರೈತಾಪಿ ಜನ ಇದ್ದುದರಲ್ಲೇ ಒಳ್ಳೆಯ ಬಟ್ಟೆ ತೊಟ್ಟು ದೋಣಿಕಟ್ಟೆಯ ಜಾತ್ರೆಗೆ ಬರುತ್ತಿದ್ದರು. ದೋಣಿಯವರಿಗೆ ಒಂದು ಪೆನ್ನಿ ಕೊಟ್ಟು ಕೊಲ್ಲಿಯಲ್ಲಿ ಒಂದು ಸುತ್ತು ಹಾಕಿ ಬರುವುದಕ್ಕೆ ಅವರು ಇಟ್ಟ ಹೆಸರು ‘ಒಂದು ಪೆನ್ನಿಯಷ್ಟು ಕಡಲು’.

ಗಣಿಯ ಮೇಲಿನ ಹಸಿರು ಕೊಂಬೆ

ಈ ಹಬ್ಬ ಬಂದರಿನವರದ್ದು ಮಾತ್ರವಲ್ಲ. ಪೆಂಜಾನ್ಸ್‌ನವರೇ ಆದ ಮಾರ್ಗರೆಟ್ ಆ್ಯನ್ ಕೋರ್ಟ್ನಿ 1890ರಲ್ಲಿ ಹೊರತಂದ ಕಾರ್ನಿಷ್ ಹಬ್ಬಗಳ ಪುಸ್ತಕದಲ್ಲಿ ತವರದ ಗಣಿಯವರ ಆಚರಣೆಯೂ ಇದೆ. ನಡುಬೇಸಿಗೆಯ ದಿನ ಅವರು ಎಂಜಿನ್ ಮನೆಯ ತುದಿಗೆ ಹಸಿರು ಕೊಂಬೆ ಕಟ್ಟುತ್ತಿದ್ದರು. ಬಂಡೆಗಳಲ್ಲಿ ಸಾಲಾಗಿ ಕುಳಿ ಕೊರೆದು, ಮದ್ದು ತುಂಬಿ, ಒಂದರ ಹಿಂದೊಂದು ಸಿಡಿಸಿ ಹಬ್ಬದ ಸದ್ದು ಮಾಡುತ್ತಿದ್ದರು. ದಿನವಿಡೀ ನೆಲದಡಿಯ ಕತ್ತಲಲ್ಲಿ ದುಡಿಯುವವರಿಗೆ ವರ್ಷದ ಅತಿ ಉದ್ದದ ಹಗಲು ಎಷ್ಟು ದೊಡ್ಡ ಸಂಭ್ರಮವಾಗಿದ್ದಿರಬೇಕು!

ಕನ್ನಡಿಗರಿಗೆ ಈ ಗಣಿಯವರು ಅಪರಿಚಿತರಲ್ಲ. ತಾಮ್ರ, ತವರದ ಬೆಲೆ ಕುಸಿದಾಗ ಕಾರ್ನ್‌ವಾಲ್‌ನ ಸಾವಿರಾರು ಗಣಿಗಾರರು ಕೆಲಸ ಅರಸಿ ಜಗತ್ತಿನ ಮೂಲೆಮೂಲೆಗೆ ಹೋದರು. ಕೋಲಾರದ ಚಿನ್ನದ ಗಣಿಗಳ ಆಡಳಿತವನ್ನು 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ನೋಡಿಕೊಳ್ಳತೊಡಗಿದಾಗ, ಆಳದ ಗಣಿಯ ಕಸುಬು ಬಲ್ಲ ಕಾರ್ನಿಷ್ ಮೇಲ್ವಿಚಾರಕರು, ಗಣಿಗಾರರು ಕೆಜಿಎಫ್‌ಗೆ ಬಂದು ನೆಲೆಸಿದರು. ಕಾರ್ನ್‌ವಾಲ್‌ನ ಕೊನೆಯ ತವರದ ಗಣಿ ಸೌತ್ ಕ್ರಾಫ್ಟಿ 1998ರಲ್ಲಿ ಮುಚ್ಚಿತು. ಕೋಲಾರದ ಗಣಿ 2001ರಲ್ಲಿ. ಕಾರ್ನ್‌ವಾಲ್ ತನ್ನ ಪಾಳು ಎಂಜಿನ್ ಮನೆಗಳನ್ನು ಹಾಗೇ ಬಿಡಲಿಲ್ಲ. 2006ರಲ್ಲಿ ಆ ಗಣಿಸೀಮೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಬೆಟ್ಟದಿಂದ ಬೆಟ್ಟಕ್ಕೆ

ಪೆಂಜಾನ್ಸ್‌ನ ಬೀದಿ ಬೆಂಕಿ 1890ರ ದಶಕದಲ್ಲಿ ನಿಂತುಹೋಯಿತು. ಊರು ಬೆಳೆದಿತ್ತು, ರೈಲು ಬಂದಿತ್ತು, ಪ್ರವಾಸಿಗರು ಬರುತ್ತಿದ್ದರು. ಇಕ್ಕಟ್ಟಿನ ಬೀದಿಯಲ್ಲಿ ಉರಿಯುವ ಟಾರು ಪೀಪಾಯಿ ಎಂದರೆ ಯಾರಿಗಾದರೂ ಭಯವೇ. ವಿಮೆಯ ಚಿಂತೆ, ಬೆಂಕಿಯ ಅಪಾಯ ಎರಡೂ ಸೇರಿ ಪುರಸಭೆ ಪೀಪಾಯಿಗಳನ್ನು ನಿಷೇಧಿಸಿತು. ಆ ಭಯವನ್ನು ತಪ್ಪೆನ್ನುವಂತಿಲ್ಲ. ಆದರೆ ಬೆಂಕಿಯ ಜೊತೆಗೆ ಹಾಡು, ಕುಣಿತ, ಮೆರವಣಿಗೆಯೂ ಹೋದವು. ಹಬ್ಬ ಅಜ್ಜಿಯರ ನೆನಪಿನಲ್ಲಿ, ಪುಸ್ತಕದ ಪುಟಗಳಲ್ಲಿ ಉಳಿಯಿತು.

ಅದನ್ನು ಅಲ್ಲಿಂದ ಎತ್ತಿ ತಂದವರು ಊರೂರ ‘ಓಲ್ಡ್ ಕಾರ್ನ್‌ವಾಲ್ ಸೊಸೈಟಿ’ಗಳ ಸದಸ್ಯರು. ಮೊದಲ ಸಂಘ 1920ರಲ್ಲಿ ಸೇಂಟ್ ಐವ್ಸ್‌ನಲ್ಲಿ ಹುಟ್ಟಿತು. ಅದರ ಜೀವಾಳ ರಾಬರ್ಟ್ ಮಾರ್ಟನ್ ನ್ಯಾನ್ಸ್ ಎಂಬ ಕಾರ್ನಿಷ್ ವಿದ್ವಾಂಸರು. ಉಳಿದ ಚೂರುಪಾರನ್ನೆಲ್ಲ ಆಯ್ದುಕೊಳ್ಳಿ, ಯಾವುದೂ ಕಳೆಯದಿರಲಿ ಎಂಬುದು ಈ ಸಂಘಗಳ ಧ್ಯೇಯ. 1929ರಲ್ಲಿ ಅವರು ನಡುಬೇಸಿಗೆಯ ಬೆಂಕಿಯನ್ನು ಬೀದಿಯ ಬದಲು ಬೆಟ್ಟಗಳ ಮೇಲೆ ಹಚ್ಚಿದರು.

ಮೊದಲ ಬೆಂಕಿ ಪೆಂಜಾನ್ಸ್‌ನ ಪಶ್ಚಿಮಕ್ಕಿರುವ ಚಾಪೆಲ್ ಕಾರ್ನ್ ಬ್ರೇ ಎಂಬ ಗ್ರಾನೈಟ್ ಗುಡ್ಡದ್ದು. ಎತ್ತರ ಸುಮಾರು 200 ಮೀಟರ್ ಅಷ್ಟೆ. ಆದರೆ ಅದರಾಚೆಗೆ ಲ್ಯಾಂಡ್ಸ್ ಎಂಡ್, ಆಮೇಲೆ ಬರೀ ಅಟ್ಲಾಂಟಿಕ್. ತುದಿಯಲ್ಲಿ ಪ್ರಾಗೈತಿಹಾಸಿಕ ಕಾಲದ ಕಲ್ಲುಗುಪ್ಪೆಯ ಸಮಾಧಿ. ಮಧ್ಯಯುಗದಲ್ಲಿ ಅದರ ಮೇಲೆಯೇ ಸಂತ ಮೈಕೇಲನ ಪುಟ್ಟ ಗುಡಿಯಿತ್ತು. ಅಲ್ಲಿ ಜ್ವಾಲೆ ಎದ್ದದ್ದು ಕಂಡ ಕೂಡಲೇ ಮುಂದಿನ ಗುಡ್ಡದವರು ತಮ್ಮದನ್ನು ಹಚ್ಚುತ್ತಾರೆ, ಅದನ್ನು ಕಂಡು ಅದರಾಚೆಯವರು. ಹೀಗೆ ಬೆಂಕಿ ಪೂರ್ವಕ್ಕೆ ಸಾಗಿ, ಟೇಮರ್ ನದಿಯ ಗಡಿಯ ಹತ್ತಿರದ ಕಿಟ್ ಹಿಲ್‌ವರೆಗೆ ಹೋಗುತ್ತದೆ.

ಸೌದೆಯ ರಾಶಿಯ ಸುತ್ತ ಜನ ಸೇರಿದ ಮೇಲೆ ಪ್ರಾರ್ಥನೆ, ಮಂತ್ರದಂಥ ಮಾತುಗಳು ಕಾರ್ನಿಷ್ ಭಾಷೆಯಲ್ಲೇ ನಡೆಯುತ್ತವೆ. ‘ಹೂಗಳ ಒಡತಿ’ ಎಂದು ಕರೆಸಿಕೊಳ್ಳುವ ಹೆಣ್ಣುಮಗಳೊಬ್ಬಳು ಮುಂದೆ ಬರುತ್ತಾಳೆ. ಅವಳ ಕೈಯಲ್ಲಿ ಬಣ್ಣದ ರಿಬ್ಬನ್ ಸುತ್ತಿದ ಸೊಪ್ಪಿನ ಕಟ್ಟು. ಅದರಲ್ಲಿ ಸೇಂಟ್ ಜಾನ್ಸ್ ವರ್ಟ್‌ನ ಹಳದಿ ಹೂ, ಓಕ್ ಎಲೆಯಂಥ ಒಳ್ಳೆಯ ಗಿಡಗಳಿವೆ. ಜೊತೆಗೆ ತುರಿಕೆ ಗಿಡ, ಮುಳ್ಳುಬಳ್ಳಿಯಂಥ ಕೆಟ್ಟವೂ ಇವೆ. ಒಳ್ಳೆಯದು ಹರಡಲಿ, ಕೆಟ್ಟದ್ದು ಸುಟ್ಟುಹೋಗಲಿ ಎಂಬ ಅರ್ಥದ ಮಾತು ಹೇಳಿ ಆಕೆ ಕಟ್ಟನ್ನು ಬೆಂಕಿಗೆ ಎಸೆಯುತ್ತಾಳೆ. ಒಳ್ಳೆಯದು ಕೆಟ್ಟದ್ದು ಒಂದೇ ಕಟ್ಟಿನಲ್ಲಿರುವುದೇ ಈ ಆಚರಣೆಯ ಸೊಗಸು. ಉರಿ ತಗ್ಗಿದ ಮೇಲೆ ಕೈಹಿಡಿದ ಜೋಡಿಗಳು ಕೆಂಡ ಹಾರುವುದು ಹಳೆಯ ಸಂಪ್ರದಾಯ.

ಊರಿಗೆ ಮರಳಿದ ಗೊಲೊವನ್

ಬೆಟ್ಟದ ಬೆಂಕಿ ಮರಳಿದರೂ ಊರೊಳಗಿನ ಹಬ್ಬ ಬರಲು ಮತ್ತೆ ಅರವತ್ತು ವರ್ಷ ಬೇಕಾಯಿತು. 1991ರಲ್ಲಿ ಸ್ಥಳೀಯ ಕಲಾವಿದರು, ಶಾಲೆಗಳು ಸೇರಿ ಹಬ್ಬವನ್ನು ಗೊಲೊವನ್ ಎಂಬ ಅದರ ಹಳೆಯ ಹೆಸರಿನಲ್ಲೇ ಮತ್ತೆ ಆರಂಭಿಸಿದರು. ಟಾರು ಪೀಪಾಯಿಗಳ ಜಾಗಕ್ಕೆ ಈಗ ಬಂದರಿನ ಬಾಣಬಿರುಸು ಬಂದಿದೆ. ಕೈಕೈ ಹಿಡಿದ ಸಾಲು ಮಾತ್ರ ಅದೇ: ಹಬ್ಬದ ಮುಖ್ಯ ದಿನದ ಮುನ್ನಾದಿನವಾದ ಶುಕ್ರವಾರದ ಮೇಜಿ ಈವ್ ರಾತ್ರಿ ಹಾವಿನಂತೆ ಸುತ್ತಿ ಸುಳಿಯುವ ಸರ್ಪಕುಣಿತ. ಮುಂದೆ ಪೆಂಗ್ಲಾಜ್, ಕುದುರೆಯ ತಲೆಬುರುಡೆ ಹೊತ್ತು, ಕಪ್ಪು ಬಟ್ಟೆ ಹೊದ್ದ ವೇಷ. ಅಕಾರ್ಡಿಯನ್, ಡೋಲುಗಳ ಗೊಲೊವನ್ ಬ್ಯಾಂಡ್ ಜೊತೆಗೇ ಸಾಗುತ್ತದೆ. ದೋಣಿಕಟ್ಟೆಗೊಬ್ಬ ಅಣಕು ಮೇಯರ್‌ನನ್ನು ಆರಿಸುವ ಹಳೆಯ ಪದ್ಧತಿಯೂ ಮರಳಿದೆ.

ಶನಿವಾರ ಮೇಜಿ ಡೇ. ಅಂದು ಬೀದಿ ಮಕ್ಕಳದ್ದು. ವಾರಗಟ್ಟಲೆ ಮುಂಚೆಯೇ ಶಾಲೆಗಳಲ್ಲಿ ವಿಲ್ಲೋ ಕಡ್ಡಿ ಬಗ್ಗಿಸಿ, ಕಟ್ಟಿ, ಅಂಟು ಸವರಿದ ತೆಳು ಕಾಗದ ಹೊದಿಸಿ ಆಳೆತ್ತರದ ಮೀನು, ಹಕ್ಕಿ, ಹಡಗುಗಳನ್ನು ಮಾಡಿರುತ್ತಾರೆ. ಮಾರ್ಕೆಟ್ ಜ್ಯೂ ಸ್ಟ್ರೀಟಿನ ಏರಿನಲ್ಲಿ ಅವು ಮಕ್ಕಳ ಹೆಗಲ ಮೇಲೆ ತೂಗಾಡುತ್ತಾ ಸಾಗುತ್ತವೆ. ಭಾನುವಾರ ದೋಣಿಕಟ್ಟೆಯ ಜಾತ್ರೆ.

ನೂರು ವರ್ಷ ನಿಂತಿದ್ದನ್ನು ಮತ್ತೆ ಶುರುಮಾಡಿದರೆ ಅದು ಅಸಲಿ ಹಬ್ಬ ಹೇಗಾದೀತು ಎಂದು ಕೇಳುವವರಿದ್ದಾರೆ. ಕಡ್ಡಿ, ಕಾಗದದ ಹಡಗು ಹಳೆಯ ಗ್ರಂಥದಲ್ಲಿಲ್ಲ, ನಿಜ. ಆದರೆ ಟಾರು ಪೀಪಾಯಿಯೂ ಒಂದು ಕಾಲಕ್ಕೆ ಬಂದರಿನವರು ಕೈಗೆ ಸಿಕ್ಕಿದ್ದನ್ನು ಬಳಸಿ ಕಂಡುಕೊಂಡದ್ದೇ ಅಲ್ಲವೇ? ಹಬ್ಬಕ್ಕೆ ಬೇಕಾದದ್ದು ಎರಡೇ: ಬರೆದಿಟ್ಟವರೊಬ್ಬರು, ಬೇಕು ಎಂದು ಹಟ ಹಿಡಿದವರು ನಾಲ್ಕಾರು ಮಂದಿ. ಬೋರ್ಲೇಸ್, ಕೋರ್ಟ್ನಿ ಬರೆದಿಡದಿದ್ದರೆ ನ್ಯಾನ್ಸ್ ಅವರ ಕಾಲದವರಿಗೆ ಹಿಡಿದುಕೊಳ್ಳಲು ಎಳೆಯೇ ಇರುತ್ತಿರಲಿಲ್ಲ. ಹಬ್ಬದ ಬೆನ್ನಿಗೇ ಭಾಷೆಯೂ ಚೇತರಿಸಿಕೊಂಡಿದೆ. ಬ್ರಿಟನ್ ಸರ್ಕಾರ ಯುರೋಪಿನ ಅಲ್ಪಸಂಖ್ಯಾತ ಭಾಷೆಗಳ ಒಡಂಬಡಿಕೆಯಡಿ ಕಾರ್ನಿಷ್‌ಗೆ 2002ರಲ್ಲಿ ಮಾನ್ಯತೆ ಕೊಟ್ಟಿತು. 2014ರಲ್ಲಿ ಕಾರ್ನಿಷ್ ಜನರನ್ನೇ ರಾಷ್ಟ್ರೀಯ ಅಲ್ಪಸಂಖ್ಯಾತರೆಂದು ಒಪ್ಪಿಕೊಂಡಿತು. ನಿಂತ ಆಚರಣೆಯನ್ನು ಸತ್ತಿತೆಂದು ಬರೆದು ಕೈತೊಳೆದುಕೊಳ್ಳುವವರೆಲ್ಲ ಒಮ್ಮೆ ಪೆಂಜಾನ್ಸ್ ನೋಡಬೇಕು.

ಹೋಗುವವರಿಗೆ

ಲಂಡನ್ ಪ್ಯಾಡಿಂಗ್ಟನ್‌ನಿಂದ ಪೆಂಜಾನ್ಸ್‌ಗೆ ನೇರ ರೈಲುಗಳಿವೆ. ‘ನೈಟ್ ರಿವಿಯೆರಾ’ ಎಂಬ ರಾತ್ರಿ ರೈಲಿನಲ್ಲಿ ಮಲಗಿಕೊಂಡೇ ಹೋಗಬಹುದು. ಗೊಲೊವನ್ ಜೂನ್ ದ್ವಿತೀಯಾರ್ಧದಲ್ಲಿ ನಡೆಯುತ್ತದೆ. ಮೇಜಿ ಡೇ ಸಾಮಾನ್ಯವಾಗಿ ಯೋಹಾನನ ಹಬ್ಬಕ್ಕೆ ಹತ್ತಿರದ ಶನಿವಾರ. ದಿನಾಂಕ ಪ್ರತಿವರ್ಷ ಬದಲಾಗುವುದರಿಂದ ಮೊದಲೇ ನೋಡಿಕೊಂಡು ವಸತಿ ಕಾದಿರಿಸಿ. ಬಿಡುವಿದ್ದರೆ ಕಡಲ ಇಳಿತದ ಹೊತ್ತು ನೋಡಿಕೊಂಡು, ಮರಾಜಿಯನ್‌ನಿಂದ ಕಲ್ಲುದಾರಿಯಲ್ಲಿ ನಡೆದೇ ಸೇಂಟ್ ಮೈಕೇಲ್ಸ್ ಮೌಂಟ್ ಮುಟ್ಟಿ.

ಶನಿವಾರದ ಮೆರವಣಿಗೆಯೊಂದನ್ನೇ ನೋಡಿ ಹಿಂದಿರುಗಬೇಡಿ. 23ರ ಸಂಜೆ ಚಾಪೆಲ್ ಕಾರ್ನ್ ಬ್ರೇ ಹತ್ತುವಂತೆ ಪ್ರಯಾಣ ಹೊಂದಿಸಿಕೊಳ್ಳಿ. ಜೂನ್ ಆದರೂ ಗುಡ್ಡದ ಮೇಲೆ ಕಡಲ ಗಾಳಿ ಕೊರೆಯುತ್ತದೆ, ಬೆಚ್ಚನೆಯ ಉಡುಪು ಇರಲಿ. ಮೇಜಿ ಈವ್ ರಾತ್ರಿ ಬೀದಿಬದಿಯಲ್ಲಿ ಬರೀ ಫೋಟೊ ತೆಗೆಯುತ್ತಾ ನಿಲ್ಲಬೇಡಿ. ಸರ್ಪಕುಣಿತದ ಸಾಲು ಹತ್ತಿರ ಬಂದಾಗ ಕೈ ಚಾಚಿ, ಸೇರಿಕೊಳ್ಳಿ. ಹೊರಗಿನವರಿಗೂ ಅಲ್ಲಿ ಜಾಗವಿದೆ.