ಬಿಸಿಯೇರಿದ ಕಡಲಿನಲ್ಲಿ ಹವಳದ ಮರುನಾಟಿ

ಹವಳದ ದಿಬ್ಬಗಳನ್ನು ಕಟ್ಟುವುದು ಪಾಲಿಪ್ ಎಂಬ ಮೆದುಮೈಯ ಪುಟ್ಟ ಪ್ರಾಣಿ. ಲೋಳೆಮೀನಿನ ಬಳಗಕ್ಕೆ ಸೇರಿದ ಈ ಜೀವಿ ತನ್ನ ಬುಡದಲ್ಲಿ ಸುಣ್ಣಕಲ್ಲಿನ ಬಟ್ಟಲನ್ನು ಕಟ್ಟಿಕೊಂಡು ಬದುಕುತ್ತದೆ; ಇಂಥ ಅಸಂಖ್ಯ ಬಟ್ಟಲುಗಳು ಶತಮಾನಗಳ ಕಾಲ ಒಂದರ ಮೇಲೊಂದು ಕೂಡಿ ದಿಬ್ಬವಾಗುತ್ತವೆ. ಈ ಕಟ್ಟೋಣಕ್ಕೆ ಬೇಕಾದ ಆಹಾರದ ಬಹುಪಾಲನ್ನು ಒದಗಿಸುವವು ಪಾಲಿಪ್‌ನ ಅಂಗಾಂಶದೊಳಗೆ ನೆಲೆಸಿರುವ ಏಕಕೋಶ ಪಾಚಿಗಳು; ಅವು ಬಿಸಿಲಿನ ಬಲದಿಂದ ಸಕ್ಕರೆ ತಯಾರಿಸುತ್ತವೆ, ಹವಳಕ್ಕೆ ಬಣ್ಣ ಬರುವುದೂ ಹೆಚ್ಚಾಗಿ ಅವುಗಳಿಂದಲೇ. ನೀರು ಮಿತಿಮೀರಿ ಬಿಸಿಯಾದಾಗ ಪಾಚಿಯ ದ್ಯುತಿಸಂಶ್ಲೇಷಣೆಯ ವ್ಯವಸ್ಥೆ ಕೆಟ್ಟು ವಿಷಕಾರಿಯಾದ ಆಮ್ಲಜನಕದ ರೂಪಗಳು ಉತ್ಪತ್ತಿಯಾಗುವುದರಿಂದ ಪಾಲಿಪ್ ಆ ಪಾಚಿಗಳನ್ನೇ ಹೊರದೂಡುತ್ತದೆ, ಆಗ ಪಾರದರ್ಶಕ ಅಂಗಾಂಶದ ಕೆಳಗಿನ ಬಿಳಿಯ ಸುಣ್ಣಕಲ್ಲು ಎದ್ದು ಕಾಣುತ್ತದೆ. ಇದೇ ಹವಳ ಬಿಳಿಚುವಿಕೆ. ಬಿಳಿಚಿದ ಹವಳ ಇನ್ನೂ ಸತ್ತಿರುವುದಿಲ್ಲ, ಉಪವಾಸ ಬಿದ್ದಿರುತ್ತದೆ. ಬೇಗನೆ ನೀರು ತಣಿದರೆ ಪಾಚಿ ಮರಳಿ ನೆಲೆಸಿ ಅದು ಚೇತರಿಸಿಕೊಳ್ಳುವುದುಂಟು.

ಹವಳವನ್ನು ಈ ಸ್ಥಿತಿಗೆ ತಳ್ಳುವ ಬಿಸಿಯ ತೀವ್ರತೆಯನ್ನು ಅಳೆಯಲು ವಿಜ್ಞಾನಿಗಳು ಬಳಸುವ ಮಾನವನ್ನು ತಾಪವಾರ ಎಂದು ಕರೆಯಬಹುದು. ಒಂದು ಸ್ಥಳದ ವಾಡಿಕೆಯ ಬೇಸಿಗೆ ಗರಿಷ್ಠಕ್ಕಿಂತ 1 ಡಿಗ್ರಿ ಸೆಲ್ಸಿಯಸ್ ಹೆಚ್ಚಿನ ಬಿಸಿ ಒಂದು ವಾರ ನಿಂತರೆ ಅದು ಒಂದು ತಾಪವಾರ. ಇಂಥ 4 ಕೂಡಿದಾಗ ಬಿಳಿಚುವಿಕೆ, 8 ಕೂಡಿದಾಗ ವ್ಯಾಪಕ ಸಾವು ಸಂಭವಿಸಬಹುದೆಂದು ಲೆಕ್ಕ ಹಾಕಲಾಗುತ್ತದೆ. ಜಗತ್ತಿನ ಸಾಗರಗಳನ್ನೆಲ್ಲ ಆವರಿಸಿದ ಬಿಳಿಚುವಿಕೆ 1998, 2010 ಮತ್ತು 2014–17ರಲ್ಲಿ ಘಟಿಸಿತು. ನಾಲ್ಕನೆಯದು 2023ರಲ್ಲಿ ಆರಂಭವಾಯಿತು.

ನಾಶವಾದ ದಿಬ್ಬಗಳಲ್ಲಿ ಹವಳವನ್ನು ಮತ್ತೆ ನೆಡುವ ವಿದ್ಯೆ ಅಮೆರಿಕದ ಫ್ಲಾರಿಡಾದಲ್ಲಿ ಬಹಳ ಮುಂದುವರಿದಿದೆ. ಅಲ್ಲಿನ ದಿಬ್ಬಗಳ ಮುಖ್ಯ ಶಿಲ್ಪಿಗಳಾಗಿದ್ದ, ಕವಲೊಡೆದು ಬೆಳೆಯುವ ಸ್ಟ್ಯಾಗ್‌ಹಾರ್ನ್ ಮತ್ತು ಎಲ್ಕ್‌ಹಾರ್ನ್ ಎಂಬ ಎರಡು ಜಾತಿಗಳನ್ನು 1970ರ ದಶಕದ ಕೊನೆಯಿಂದ ಹರಡಿದ ರೋಗವೊಂದು ಬಹುಮಟ್ಟಿಗೆ ಅಳಿಸಿಹಾಕಿತ್ತು. ಉಳಿದ ಹವಳಗಳಿಂದ ತುಂಡುಗಳನ್ನು ಮುರಿದು, ಕಡಲತಳಕ್ಕೆ ಬಿಗಿದು ನೀರಿನಲ್ಲಿ ತೇಲುವಂತೆ ನಿಲ್ಲಿಸಿದ ಪಿವಿಸಿ ಕೊಳವೆಯ 'ಮರ'ಗಳಿಗೆ ತೂಗುಹಾಕಿ, ಕೆಲವು ತಿಂಗಳು ಬೆಳೆದ ಮೇಲೆ ಅಂಟಿನಿಂದ ದಿಬ್ಬಕ್ಕೆ ಕೂಡಿಸುವ ಪದ್ಧತಿ ಇಲ್ಲಿ ರೂಢಿಗೆ ಬಂತು. ನಿಧಾನವಾಗಿ ಬೆಳೆಯುವ ಗುಂಡುಹವಳಗಳಿಗಾಗಿ ಮೋಟ್ ಸಾಗರ ಪ್ರಯೋಗಾಲಯದ ಡೇವಿಡ್ ವಾನ್ ಬೇರೊಂದು ದಾರಿ ಕಂಡುಕೊಂಡರು: ಅವನ್ನು ಬೆರಳುಗುರಿನಷ್ಟು ಚಿಕ್ಕ ಚೂರುಗಳಾಗಿ ಕತ್ತರಿಸಿದರೆ ಗಾಯ ಮಾಯುವ ಭರದಲ್ಲಿ ಅವು ಎಷ್ಟೋ ಪಟ್ಟು ವೇಗವಾಗಿ ಹರಡುತ್ತವೆ, ಒಂದೇ ಮೂಲದ ಚೂರುಗಳು ಪರಸ್ಪರ ತಾಗಿದಾಗ ಒಂದಾಗಿ ಬೆಸೆದುಕೊಳ್ಳುತ್ತವೆ. 2019ರಲ್ಲಿ ಏಳು ಪ್ರಸಿದ್ಧ ದಿಬ್ಬಗಳನ್ನು ಹೀಗೆ ಪುನಃ ಕಟ್ಟುವ ದೊಡ್ಡ ಯೋಜನೆಯೂ ಘೋಷಣೆಯಾಯಿತು.

ಈ ಪದ್ಧತಿಗೆ ಒಂದು ಮಿತಿಯಿದೆ. ಕಬ್ಬಿನ ತುಂಡು ನೆಟ್ಟು ಬೆಳೆದ ಗದ್ದೆಯಲ್ಲಿ ಪ್ರತಿ ಗಿಡವೂ ತಾಯಿಯ ಪಡಿಯಚ್ಚೇ ಆಗಿರುವಂತೆ, ತುಂಡಿನಿಂದ ಬೆಳೆದ ಹವಳವೂ ತನ್ನ ಮೂಲದ ತಳಿಗುಣವನ್ನಷ್ಟೇ ಹೊತ್ತಿರುತ್ತದೆ. ಮೂಲಕ್ಕೆ ತಡೆಯಲಾಗದ ಬಿಸಿಯನ್ನು ಸಾವಿರ ತುಂಡುಗಳೂ ತಡೆಯಲಾರವು. 2023ರ ಬೇಸಿಗೆಯಲ್ಲಿ ಫ್ಲಾರಿಡಾದಲ್ಲಿ ನಡೆದದ್ದು ಇದೇ. ಆ ಜುಲೈನಲ್ಲಿ ಪತ್ರಿಕೆಗಳೆಲ್ಲ ಉಲ್ಲೇಖಿಸಿದ 38 ಡಿಗ್ರಿಯ ದಾಖಲೆ ದಂಡೆಗೆ ಹತ್ತಿರದ ಆಳವಿಲ್ಲದ ಕೊಲ್ಲಿಯೊಂದರದೇ ಹೊರತು ದಿಬ್ಬಗಳದ್ದಲ್ಲ ಎಂಬುದು ನಿಜ. ಆದರೆ ದಿಬ್ಬಗಳ ಮೇಲೂ ಹಿಂದೆಂದೂ ಕಾಣದಷ್ಟು ತಾಪವಾರಗಳು ಕೂಡಿದವು. ಪಿವಿಸಿ 'ಮರ'ಗಳ ನರ್ಸರಿಗಳಲ್ಲಿದ್ದ ಹವಳವನ್ನು ತರಾತುರಿಯಿಂದ ಕಿತ್ತು ನೆಲದ ಮೇಲಿನ ತೊಟ್ಟಿಗಳಿಗೆ ಸಾಗಿಸಬೇಕಾಯಿತು. 2025ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಫ್ಲಾರಿಡಾ ಕೀಸ್ ದ್ವೀಪಸಾಲಿನಲ್ಲಿ ಸ್ಟ್ಯಾಗ್‌ಹಾರ್ನ್ ಮತ್ತು ಎಲ್ಕ್‌ಹಾರ್ನ್ ಜಾತಿಗಳ ಶೇ. 97.8ರಿಂದ 100ರಷ್ಟು ಹವಳಗಳು ಸತ್ತಿವೆ, ಮತ್ತು ಫ್ಲಾರಿಡಾದ ಮಟ್ಟಿಗೆ ಅವು ಕಾರ್ಯತಃ ಅಳಿದುಹೋಗಿವೆ. ಅಂದರೆ ಅಲ್ಲೊಂದು ಇಲ್ಲೊಂದು ಬದುಕಿದ್ದರೂ ದಿಬ್ಬ ಕಟ್ಟುವಷ್ಟಾಗಲಿ ಸಂತಾನ ಮುಂದುವರಿಸುವಷ್ಟಾಗಲಿ ಉಳಿದಿಲ್ಲ.

ಹಾನಿಗೆ ಕಾರಣ ಸ್ಥಳೀಯವಾಗಿದ್ದು, ಆ ಕಾರಣ ನಿಂತಿರುವ ಕಡೆಗಳಲ್ಲಿ ಮಾತ್ರ ಇದೇ ಕೈಕೆಲಸ ಚೆನ್ನಾಗಿ ಫಲಿಸಿದೆ. ಇಂಡೋನೇಷ್ಯಾದ ಸುಲಾವೆಸಿಯ ಬಳಿ ಸಿಡಿಮದ್ದಿನ ಮೀನುಗಾರಿಕೆಯಿಂದ ಪುಡಿಯಾಗಿದ್ದ ದಿಬ್ಬಗಳ ಮೇಲೆ ಕಬ್ಬಿಣದ ಚೌಕಟ್ಟುಗಳನ್ನು ಹಾಸಿ ಹವಳ ಕಟ್ಟಿದಾಗ, ನಾಲ್ಕೇ ವರ್ಷಗಳಲ್ಲಿ ಅವು ಆರೋಗ್ಯವಂತ ದಿಬ್ಬಗಳಷ್ಟೇ ವೇಗದಲ್ಲಿ ಸುಣ್ಣಕಲ್ಲು ಕಟ್ಟತೊಡಗಿದವು. ತಮಿಳುನಾಡಿನ ಮನ್ನಾರ್ ಕೊಲ್ಲಿ ಈ ಎರಡು ಸ್ಥಿತಿಗಳನ್ನೂ ಉಂಡಿದೆ: ಸುಣ್ಣಕ್ಕೂ ಕಟ್ಟಡಕ್ಕೂ ಹವಳವನ್ನು ಅಗೆದದ್ದರಿಂದ ಅಲ್ಲಿನ 21 ದ್ವೀಪಗಳಲ್ಲಿ ಎರಡು ಮುಳುಗಿಹೋದವು, ಅಗೆತ ನಿಂತ ಮೇಲೆ ತೂತ್ತುಕುಡಿಯ ಸುಗಂಧಿ ದೇವದಾಸನ್ ಸಾಗರ ಸಂಶೋಧನಾ ಸಂಸ್ಥೆ ನಡೆಸುತ್ತಿರುವ ಮರುನಾಟಿಗೆ ಅವಕಾಶ ದೊರೆಯಿತಾದರೂ, 2010 ಮತ್ತು 2016ರ ಬಿಸಿ ಅಲ್ಲಿಗೂ ತಲುಪಿ ಅಪಾರ ಪ್ರಮಾಣದ ಹವಳವನ್ನು ಕೊಂದಿತು.

ಹೀಗಾಗಿ ಎಷ್ಟು ತುಂಡು ನೆಟ್ಟರು ಎಂಬುದಕ್ಕಿಂತ ಯಾವ ಹವಳವನ್ನು ನೆಟ್ಟರು ಎಂಬುದು ಈಗ ಮುಖ್ಯವಾಗಿದೆ. ಹಲವು ಜಾತಿಯ ಹವಳಗಳು ವರ್ಷಕ್ಕೊಮ್ಮೆ, ಹುಣ್ಣಿಮೆಯ ನಂತರದ ಕೆಲವು ರಾತ್ರಿಗಳಲ್ಲಿ ಏಕಕಾಲಕ್ಕೆ ಅಂಡ–ವೀರ್ಯಗಳನ್ನು ನೀರಿಗೆ ಬಿಡುತ್ತವೆಂಬುದನ್ನು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 1980ರ ದಶಕದ ಆರಂಭದಲ್ಲಿ ಕಂಡುಹಿಡಿಯಲಾಯಿತು. ಆ ತಂಡದಲ್ಲಿದ್ದ ಪೀಟರ್ ಹ್ಯಾರಿಸನ್ ಮುಂದೆ ಲಾರ್ವಾಗಳನ್ನು ಸಾಕಿ ಹಾಳುದಿಬ್ಬಗಳ ಮೇಲೆ ಬಿಡುವ ವಿಧಾನ ರೂಪಿಸಿದರು. ಇಂಥ ಮರಿಗಳಲ್ಲಿ ತಳಿಗುಣಗಳು ಬೆರೆಯುವುದರಿಂದ ಬಿಸಿ ತಾಳುವವನ್ನು ಆರಿಸಲು ಎಡೆಯಿದೆ. ಹವಾಯಿಯ ರೂತ್ ಗೇಟ್ಸ್ ಮತ್ತು ಆಸ್ಟ್ರೇಲಿಯಾದ ಮೆಡೆಲೀನ್ ವಾನ್ ಆಪೆನ್ ಇದನ್ನು 'ನೆರವಿನ ವಿಕಾಸ'ವೆಂದು ಕರೆದರು. ಪ್ರಯೋಗಾಲಯದ ಬಿಸಿಯಲ್ಲಿ ವರ್ಷಗಟ್ಟಲೆ ಬೆಳೆಸಿದ ಪಾಚಿಯನ್ನು ಹವಳದ ಮರಿಗಳೊಳಗೆ ಸೇರಿಸುವ ಪ್ರಯೋಗವೂ ಇದರ ಭಾಗ. 2025ರಲ್ಲಿ ಮಯಾಮಿಯ ಬಳಿ, ಫ್ಲಾರಿಡಾದ ಎಲ್ಕ್‌ಹಾರ್ನನ್ನು ಹೊಂಡುರಾಸ್ ದೇಶದ ಬಿಸಿನೀರಿನ ಎಲ್ಕ್‌ಹಾರ್ನ್‌ನೊಂದಿಗೆ ಕೂಡಿಸಿ ಪಡೆದ ಸಂಕರ ಮರಿಗಳನ್ನು ನೆಡಲಾಯಿತು. ಹೊರಗಿನ ತಳಿಯನ್ನು ತರುವುದು ಸ್ಥಳೀಯ ಗುಣಗಳನ್ನು ಕಲಬೆರಕೆ ಮಾಡುತ್ತದೆ ಎಂಬ ಆಕ್ಷೇಪ ಸಾಧುವಾದದ್ದೇ, ಆದರೆ ಉಳಿಸಿಕೊಳ್ಳಲು ಸ್ಥಳೀಯ ಸಂತತಿಯೇ ಇಲ್ಲದ ಕಡೆ ಅದರ ತೂಕ ಕಡಿಮೆ.

ಗ್ರೇಟ್ ಬ್ಯಾರಿಯರ್ ರೀಫ್‌ನ ಸಾಗರ ಉದ್ಯಾನದ ವಿಸ್ತಾರ 3.44 ಲಕ್ಷ ಚದರ ಕಿಲೋಮೀಟರ್. ಅಲ್ಲಿ 2016ರಿಂದ 2025ರವರೆಗೆ ಆರು ಬಾರಿ ಸಾಮೂಹಿಕ ಬಿಳಿಚುವಿಕೆ ನಡೆದಿದೆ, ಬೇಗ ಬೆಳೆಯುವ ಹವಳಗಳಿಗೂ ಪೂರ್ಣ ಚೇತರಿಕೆಗೆ ಸುಮಾರು ಒಂದು ದಶಕ ಬೇಕು. ಇಷ್ಟು ಹರವಿನಲ್ಲಿ ಕೈಯಿಂದ ನೆಟ್ಟು ಮುಗಿಸುವುದು ಅಸಾಧ್ಯವಾದ್ದರಿಂದ, ನೆಟ್ಟ ತುಂಡುಗಳ ಸಂಖ್ಯೆಯಿಂದ ಯಶಸ್ಸನ್ನು ಅಳೆಯುವ ಯೋಜನೆಗಳಿಗಿಂತ, ವಿಭಿನ್ನ ತಳಿಗಳನ್ನು ನೆಲದ ಮೇಲಿನ ತೊಟ್ಟಿಗಳಲ್ಲಿ ಜೀವಂತವಾಗಿ ಕಾಪಿಟ್ಟು ಸಂತಾನ ಪಡೆಯುವ ಕೆಲಸಕ್ಕೆ ಹಣ ಮೊದಲು ಸಲ್ಲಬೇಕಾಗಿದೆ. ಫ್ಲಾರಿಡಾದ ಎಲ್ಕ್‌ಹಾರ್ನ್‌ನ ಅಳಿದುಳಿದ ತಳಿಗಳಲ್ಲಿ ಹಲವು ಈಗ ಬದುಕಿರುವುದು ಇಂಥ ತೊಟ್ಟಿಗಳಲ್ಲಿಯೇ.