ದಿಢೀರ್ ಹೊಟ್ಟೆನೋವು: ರಕ್ತಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಹಬ್ಬದ ಊಟ ಮುಗಿದ ರಾತ್ರಿ ಮೇಲ್ಹೊಟ್ಟೆಯಲ್ಲಿ ನೋವು ಕಾಣಿಸಿಕೊಂಡರೆ ನಾವು ಅದಕ್ಕೆ 'ಗ್ಯಾಸ್ಟ್ರಿಕ್' ಎಂದು ಹೆಸರಿಟ್ಟು ಸುಮ್ಮನಾಗುತ್ತೇವೆ. ಭದ್ರಾವತಿಯ ಓಲ್ಡ್ ಟೌನ್ ಇರಲಿ, ಶಿವಮೊಗ್ಗದ ಬಡಾವಣೆಯಿರಲಿ, ಓಮದ ಕಷಾಯ, ಸೋಡಾ, ಅಂಗಡಿಯ ಮಾತ್ರೆಗಳಲ್ಲೇ ಬೆಳಗಾಗುತ್ತದೆ. ಬಹುಪಾಲು ನೋವುಗಳು ಹೀಗೆಯೇ ಶಮನವಾಗುತ್ತವೆ ಎಂಬುದು ನಿಜ. ಆದರೆ ಹಾಗೆ ಶಮನವಾಗದ, ಕಾಯುತ್ತ ಕುಳಿತರೆ ಪ್ರಾಣಕ್ಕೇ ಎರವಾಗಬಲ್ಲ ನೋವುಗಳೂ ಇವೆ. ಮೇದೋಜೀರಕ ಗ್ರಂಥಿಯ ಉರಿಯೂತ ಅವುಗಳಲ್ಲಿ ಒಂದು.

ಜಠರದ ಹಿಂಭಾಗದಲ್ಲಿರುವ ಈ ಗ್ರಂಥಿಯು ಆಹಾರವನ್ನು ಜೀರ್ಣಿಸುವ ಕಿಣ್ವಗಳನ್ನು ತಯಾರಿಸುತ್ತದೆ. ಅಮೈಲೇಸ್ ಪಿಷ್ಟವನ್ನೂ ಲೈಪೇಸ್ ಕೊಬ್ಬನ್ನೂ ಒಡೆಯುತ್ತದೆ. ಇವು ಕರುಳನ್ನು ಸೇರಿದ ಮೇಲೆ ಕೆಲಸ ಮಾಡಬೇಕು. ಪಿತ್ತಕೋಶದ ಕಲ್ಲು ಜಾರಿ ನಾಳವನ್ನು ಮುಚ್ಚಿದಾಗ ಅಥವಾ ಮದ್ಯದಿಂದ ಗ್ರಂಥಿಯು ಘಾಸಿಗೊಂಡಾಗ, ಜೀರ್ಣರಸವು ಒಳಗೇ ಎಚ್ಚೆತ್ತು ಗ್ರಂಥಿಯನ್ನೇ ಜೀರ್ಣಿಸತೊಡಗುತ್ತದೆ. ಆಗ ಮೇಲ್ಹೊಟ್ಟೆಯ ತೀವ್ರ ನೋವು ಬೆನ್ನಿಗೆ ಹರಡುತ್ತದೆ; ವಾಂತಿ ನಿಲ್ಲುವುದಿಲ್ಲ. ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಈ ಸೋರಿಕೆಯನ್ನು ಅಳೆಯುವುದೇ ಪರೀಕ್ಷೆಯ ತತ್ತ್ವ. 1929ರಲ್ಲಿ ಅಮೆರಿಕದ ರಾಬರ್ಟ್ ಎಲ್ಮನ್ ಮತ್ತು ಸಂಗಡಿಗರು ರಕ್ತದ ಅಮೈಲೇಸ್ ಅಳತೆಯು ಈ ಗ್ರಂಥಿಯ ರೋಗನಿರ್ಣಯಕ್ಕೆ ನೆರವಾಗುತ್ತದೆಂದು ಪ್ರಕಟಿಸಿದರು.

ನೋವು ಆರಂಭವಾದ ಕೆಲವೇ ಗಂಟೆಗಳಲ್ಲಿ ಎರಡೂ ಕಿಣ್ವಗಳು ಏರುತ್ತವೆ. ಅಮೈಲೇಸ್ ಸಾಮಾನ್ಯವಾಗಿ 3ರಿಂದ 5 ದಿನಗಳಲ್ಲಿ ಇಳಿಯುತ್ತದೆ; ಲೈಪೇಸ್ ಒಂದೆರಡು ವಾರ ಉಳಿಯಬಹುದು. ಆದ್ದರಿಂದ ತಡವಾಗಿ ಬಂದ ರೋಗಿಯಲ್ಲಿ ಲೈಪೇಸ್ ಹೆಚ್ಚು ಉಪಯುಕ್ತ. ರೋಗಲಕ್ಷಣಕ್ಕೆ ಹೊಂದುವ ನೋವು, ಸಾಮಾನ್ಯ ಮಿತಿಯ 3 ಪಟ್ಟು ಅಥವಾ ಅದಕ್ಕೂ ಮಿಗಿಲಾದ ಕಿಣ್ವ, ಸ್ಕ್ಯಾನಿಂಗ್‌ನಲ್ಲಿ ಕಾಣುವ ಬದಲಾವಣೆ: ಈ ಮೂರರಲ್ಲಿ ಎರಡು ಇದ್ದರೆ ವೈದ್ಯರು ರೋಗವನ್ನು ಖಚಿತಪಡಿಸುತ್ತಾರೆ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ತಿದ್ದಿಕೊಳ್ಳಬೇಕು. ಅಂಕಿ ದೊಡ್ಡದಾದಷ್ಟೂ ರೋಗ ದೊಡ್ಡದು ಎಂಬುದು ಸರಿಯಲ್ಲ. ಕಿಣ್ವದ ಪ್ರಮಾಣವು ರೋಗದ ತೀವ್ರತೆಯನ್ನು ಅಳೆಯುವುದಿಲ್ಲ. ಹಾಗೆಯೇ ವರದಿ ಸಹಜವಾಗಿದ್ದರೆ ಅಪಾಯವಿಲ್ಲವೆಂದೂ ಭಾವಿಸಬಾರದು. ಅಪೆಂಡಿಕ್ಸ್ ಉರಿಯೂತದಲ್ಲಿ ಈ ಕಿಣ್ವಗಳು ಸಹಜವಾಗಿಯೇ ಇರಬಹುದು. ಇನ್ನೊಂದೆಡೆ ಕರುಳು ರಂಧ್ರವಾದಾಗ, ಮೂತ್ರಪಿಂಡ ಸೋತಾಗ, ಕೆಪ್ಪಟರಾಯ ಬಂದಾಗಲೂ ಅಮೈಲೇಸ್ ಏರಬಹುದು. ಮಧುಮೇಹಿಗಳಲ್ಲಿ, ವೃದ್ಧರಲ್ಲಿ ಹೃದಯಾಘಾತವೇ ಮೇಲ್ಹೊಟ್ಟೆಯ ನೋವಾಗಿ ತೋರಬಹುದಾದ್ದರಿಂದ ವೈದ್ಯರು ಇಸಿಜಿ ಮಾಡಿಸುತ್ತಾರೆ. ಪರೀಕ್ಷೆಯು ಸಾಕ್ಷಿ ಮಾತ್ರ. ತೀರ್ಪು ರೋಗಿಯನ್ನು ಮುಟ್ಟಿ ನೋಡಿದ ವೈದ್ಯರದು.

ನಮ್ಮ ಸಮಾಜವನ್ನು ಕುರಿತು ಒಂದು ಮಾತು. ಈ ರೋಗವೆಂದರೆ ಕುಡಿತದ ಫಲವೆಂದೇ ಅನೇಕರು ಬಗೆಯುತ್ತಾರೆ. ಮದ್ಯವನ್ನು ಕಂಡೂ ಅರಿಯದ ಗೃಹಿಣಿಗೂ ಪಿತ್ತಕಲ್ಲಿನಿಂದ ಇದು ಬರುತ್ತದೆ. ರೋಗಶಯ್ಯೆಯಲ್ಲಿರುವವರ ಮೇಲೆ ಅನುಮಾನದ ಭಾರವನ್ನು ಹೊರಿಸುವುದು ಅನ್ಯಾಯ. ಕುಡಿಯುವ ಅಭ್ಯಾಸವಿರುವವರ ಮನೆಯವರು ಮಾನಕ್ಕಂಜಿ ಅದನ್ನು ವೈದ್ಯರಿಂದ ಮುಚ್ಚಿಡುವುದೂ ಅಪಾಯ. ಚಿಕಿತ್ಸೆಗೆ ಸತ್ಯವೇ ಬೇಕು.

ಆದ್ದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ನೋವು ಕೆಲವು ಗಂಟೆಗಳಲ್ಲಿ ತಗ್ಗದೆ ಹೆಚ್ಚುತ್ತಿದ್ದರೆ, ಬೆನ್ನಿಗೆ ಹರಡಿದರೆ, ಹೊಟ್ಟೆ ಗಟ್ಟಿಯಾದರೆ, ವಾಂತಿ, ಜ್ವರ, ಕಾಮಾಲೆ ಅಥವಾ ತಲೆಸುತ್ತು ಜೊತೆಗೂಡಿದರೆ ಬೆಳಗಿನವರೆಗೆ ಕಾಯಬೇಡಿ. ಹೊಟ್ಟೆಯನ್ನು ತಿಕ್ಕಿಸುವುದು, ಭೇದಿಯ ಔಷಧ ಕೊಡುವುದು ಬೇಡ; ವೈದ್ಯರು ನೋಡುವವರೆಗೆ ಊಟವೂ ಬೇಡ. ಲ್ಯಾಬ್‌ಗೆ ಹೋಗಿ ತಾವಾಗಿಯೇ ಪರೀಕ್ಷೆ ಮಾಡಿಸಿ ವರದಿಗಾಗಿ ಕಾಯುವ ಬದಲು ನೇರವಾಗಿ ಆಸ್ಪತ್ರೆಗೆ ಹೋಗಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಶಿವಮೊಗ್ಗದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಮೆಗ್ಗಾನ್ ಆಸ್ಪತ್ರೆ ಭದ್ರಾವತಿಯವರಿಗೂ ದೂರವಲ್ಲ. ನೋವು ಯಾವ ಹೊತ್ತಿಗೆ ಆರಂಭವಾಯಿತು, ಯಾವ ಮಾತ್ರೆ ನುಂಗಿದ್ದಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಒಯ್ಯಿರಿ. ರಕ್ತದ ವರದಿಯನ್ನು ಸರಿಯಾಗಿ ಓದಲು ವೈದ್ಯರಿಗೆ ಆ ಚೀಟಿಯೇ ದಾರಿ ತೋರುತ್ತದೆ.