ಹಳೇ ಗೇಮ್ ಕಂಪ್ಯೂಟರ್: ಪಾರ್ಟ್ ಹಾಕಿಸಬೇಕೋ, ಹೊಸದೇ ತರಬೇಕೋ?



ಕಂಪ್ಯೂಟರಿನಲ್ಲಿ ಆಟ ಆಡೋದು ಅಂದರೆ ನಮಗೆಲ್ಲ ಬಲು ಇಷ್ಟ. ಆದರೆ ಏಳೆಂಟು ವರ್ಷ ಆದ ಮೇಲೆ ಆಟ ನಿಂತು ನಿಂತು ಓಡುತ್ತದೆ. ಆಗ ಎಲ್ಲರೂ "ಇದು ಮುಗೀತು, ಹೊಸದು ತಗೊಳ್ಳಿ" ಅಂತಾರೆ. ಅದು ಯಾವಾಗಲೂ ನಿಜ ಅಲ್ಲ.

ಆಟ ಓಡಲು ಮುಖ್ಯವಾಗಿ ನಾಲ್ಕು ಪಾರ್ಟ್ ಬೇಕು. ಪ್ರೊಸೆಸರ್ ಲೆಕ್ಕ ಮಾಡುತ್ತದೆ. ಗ್ರಾಫಿಕ್ಸ್ ಕಾರ್ಡ್ ಚಿತ್ರ ಬಿಡಿಸುತ್ತದೆ. ರ್‍ಯಾಮ್ ಆಗಿನ ಕೆಲಸ ಇಟ್ಟುಕೊಳ್ಳುವ ಜಾಗ. ಡಿಸ್ಕ್ ಎಲ್ಲವನ್ನೂ ಕೂಡಿಡುವ ಉಗ್ರಾಣ. ಬೋರಿನ ಮೋಟರ್ ಎಷ್ಟೇ ದೊಡ್ಡದಿದ್ದರೂ ಪೈಪು ಸಣ್ಣದಿದ್ದರೆ ನೀರು ಅಷ್ಟೇ ಬರೋದು, ಅಲ್ವಾ? ಇದೂ ಹಾಗೇ. ಮೊದಲು ಎಲ್ಲಿ ಕಟ್ಟಿಕೊಂಡಿದೆ ಅಂತ ನೋಡಬೇಕು.

ಖರ್ಚಿಲ್ಲದೆ ನೋಡುವ ಉಪಾಯ:

1) ಆಟ ಓಡುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಗುಂಡಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಯಾವುದು 100ರ ಹತ್ತಿರ ಇದೆ ನೋಡಿ.

2) ಆಟದ ಸೆಟ್ಟಿಂಗಿನಲ್ಲಿ ಚಿತ್ರದ ಗುಣಮಟ್ಟ ಇಳಿಸಿ. ವೇಗ ಬಂದರೆ ಕಾರ್ಡ್ ಸಾಲುತ್ತಿಲ್ಲ ಅಂತ ಅರ್ಥ. ಇಳಿಸಿದರೂ ಬರದಿದ್ದರೆ ಪ್ರೊಸೆಸರನ್ನೋ ರ್‍ಯಾಮನ್ನೋ ಅನುಮಾನಿಸಬೇಕು.

3) ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಫ್ಯಾನಿನ ಧೂಳು ತೆಗೆಯಿರಿ. ಬಿಸಿ ಜಾಸ್ತಿಯಾದರೆ ಪ್ರೊಸೆಸರ್ ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ.

ನಮ್ಮ ದೊಡ್ಡಪ್ಪ 2016ರಲ್ಲಿ ಹಾಲಿನ ದುಡ್ಡು ಕೂಡಿಟ್ಟು ಅಣ್ಣನಿಗೆ ಕಂಪ್ಯೂಟರ್ ಕೊಡಿಸಿದ್ದರು. ಆರನೇ ತಲೆಮಾರಿನ ಇಂಟೆಲ್ ಐ5, 8 ಜಿಬಿ ರ್‍ಯಾಮ್, ಜಿಟಿಎಕ್ಸ್ 1050 ಟಿಐ ಕಾರ್ಡ್, ಹಾರ್ಡ್ ಡಿಸ್ಕ್. ಹೊಸದು ತಂದರೆ ಅಣ್ಣನ ಕಾಲೇಜು ಫೀಸಿಗೆ ಸಾಲ ಮಾಡಬೇಕಿತ್ತು. ನೋಡಿದರೆ ಡಿಸ್ಕ್ 100ರಲ್ಲಿತ್ತು, ರ್‍ಯಾಮೂ ತುಂಬಿತ್ತು. ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗುತ್ತದೆ, ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು. ಎಸ್‌ಎಸ್‌ಡಿಯಲ್ಲಿ ತಿರುಗೋದು ಏನೂ ಇಲ್ಲ, ಅದಕ್ಕೇ ಬೇಗ. ಅಣ್ಣ ಒಂದು ಎಸ್‌ಎಸ್‌ಡಿ, ಇನ್ನೊಂದು 8 ಜಿಬಿ ರ್‍ಯಾಮ್ ಹಾಕಿಸಿದ. 2015ರಲ್ಲಿ ಕಂಪ್ಯೂಟರಿಗೆ ಬಂದ ಜಿಟಿಎ 5 ಈಗ ಸಲೀಸಾಗಿ ಓಡುತ್ತೆ. ಫೀಸಿನ ದುಡ್ಡು ಉಳೀತು.

ಹಾಗಂತ ಎಲ್ಲಾ ಆಟವೂ ಓಡಲ್ಲ. 2024ರ ಇಂಡಿಯಾನಾ ಜೋನ್ಸ್ ಆಟಕ್ಕೆ ರೇ ಟ್ರೇಸಿಂಗ್ ಮಾಡುವ ಕಾರ್ಡೇ ಬೇಕು. ಅಣ್ಣನ ಕಾರ್ಡಿಗೆ ಅದು ಬರಲ್ಲ. ಇನ್ನೊಂದು ವಿಷಯ. ವಿಂಡೋಸ್ 10ಕ್ಕೆ ಮಾಮೂಲಿ ರಕ್ಷಣೆಯ ಅಪ್‌ಡೇಟ್ ಕೊಡೋದನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಬಹುತೇಕ ಎಂಟನೇ ತಲೆಮಾರು ಅಥವಾ ಅದರ ಮುಂದಿನದೇ ಆಗಬೇಕು. ಅದಕ್ಕೇ ಅಣ್ಣ ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡಲ್ಲ.

ಹೊಸದು ಯಾವಾಗ ತರಬೇಕು? ಪ್ರೊಸೆಸರ್ ಬದಲಿಸಲು ಹೋದರೆ ಮದರ್‌ಬೋರ್ಡೂ ಬೇಕು, ಅದಕ್ಕೆ ಬೇರೆ ರ್‍ಯಾಮೂ ಬೇಕು ಅನ್ನುವ ಹಾಗಿದ್ದರೆ ಹಳೇದಕ್ಕೆ ದುಡ್ಡು ಸುರಿಯಬಾರದು. ಡಿಡಿಆರ್4 ರ್‍ಯಾಮ್ ಡಿಡಿಆರ್5 ಬೋರ್ಡಿನಲ್ಲಿ ಕೂರೋದೇ ಇಲ್ಲ, ಕಚ್ಚಿನ ಜಾಗವೇ ಬೇರೆ. ಆದರೆ ಎಎಂಡಿಯ ಎಎಂ4 ಬೋರ್ಡ್ ಇದ್ದವರು ಕೇಳಿ ನೋಡಿ. 2017ರ ಎಷ್ಟೋ ಬೋರ್ಡುಗಳಿಗೆ ಬಯೋಸ್ ಅಪ್‌ಡೇಟ್ ಮಾಡಿದರೆ 2022ರ ಪ್ರೊಸೆಸರ್ ಕೂರುತ್ತದೆ!

ಎಸ್‌ಎಸ್‌ಡಿ, ಮಾನಿಟರ್ ಇವನ್ನು ನಾಳೆ ಹೊಸ ಕಂಪ್ಯೂಟರಿಗೂ ಹಾಕಬಹುದು. ಆದ್ದರಿಂದ ಮುಂದಕ್ಕೂ ಬರುವ ಪಾರ್ಟಿಗೆ ಮೊದಲು ದುಡ್ಡು ಹಾಕಿ. ರಿಪೇರಿ ಖರ್ಚು ಹೊಸದರ ಅರ್ಧ ದಾಟಿದರೆ ನಿಲ್ಲಿಸಿ. ಮೂಗಿಗಿಂತ ಮೂಗುತಿ ಭಾರ ಆಗಬಾರದು, ಏನಂತೀರಿ?